ಡಾಕ್ಟರ್ ಬರ್ನಾರ್ಡೊ ಹೌಸೇ ಮತ್ತು ಕಡಲೆಕಾಳಿನಷ್ಟು ಗ್ರಂಥಿ

ಮನುಷ್ಯನ ಮಿದುಳಿನ ತಳದಲ್ಲಿ, ಮೂಗಿನ ಹಿಂಬದಿಗೆ, ಎಲುಬಿನ ಒಂದು ಪುಟ್ಟ ಗುಳಿಯೊಳಗೆ ಪಿಟ್ಯುಟರಿ ಎಂಬ ಗ್ರಂಥಿಯೊಂದು ಅಡಗಿ ಕುಳಿತಿದೆ. ಅದರ ಗಾತ್ರ ಕಡಲೆಕಾಳಿನಷ್ಟು. ತೂಕ ಸುಮಾರು ಅರ್ಧ ಗ್ರಾಂ. ಮೂಗಿನಿಂದ ಸುರಿಯುವ ಸಿಂಬಳ ಈ ಗ್ರಂಥಿಯಿಂದಲೇ ಇಳಿದು ಬರುತ್ತದೆಯೆಂದು ಪ್ರಾಚೀನ ಪಾಶ್ಚಾತ್ಯ ವೈದ್ಯರು ನಂಬಿದ್ದರು. ಲ್ಯಾಟಿನ್ ಮೂಲದ ಅದರ ಹೆಸರಿನಲ್ಲಿ ಆ ತಪ್ಪು ತಿಳಿವಳಿಕೆಯ ಗುರುತು ಇಂದಿಗೂ ಉಳಿದಿದೆ. ಇಂತಹ ಉಪೇಕ್ಷಿತವಾದ ಅಂಗವೊಂದರ ಬೆನ್ನು ಹತ್ತಿ, ಅರವತ್ತು ವರ್ಷಗಳಷ್ಟು ದೀರ್ಘಕಾಲ ಅದನ್ನು ಬಿಡದೆ, ಮಧುಮೇಹಕ್ಕೂ ಅದಕ್ಕೂ ಇರುವ ನಂಟನ್ನು ಜಗತ್ತಿಗೆ ತೋರಿಸಿಕೊಟ್ಟ ಮಹನೀಯರು ದಕ್ಷಿಣ ಅಮೆರಿಕೆಯ ಅರ್ಜೆಂಟೀನಾ ದೇಶದ ಡಾಕ್ಟರ್ ಬರ್ನಾರ್ಡೊ ಆಲ್ಬರ್ಟೊ ಹೌಸೇ.

ಹೌಸೇಯವರು ಜನಿಸಿದ್ದು 1887ರ ಏಪ್ರಿಲ್ 10ರಂದು, ಬ್ಯೂನಸ್ ಐರಿಸ್ ನಗರದಲ್ಲಿ. ತಂದೆತಾಯಿಗಳು ಫ್ರಾನ್ಸಿನಿಂದ ಬಂದು ನೆಲಸಿದವರು. ತಂದೆ ವಕೀಲಿ ವೃತ್ತಿಯವರು. ಬಾಲಕನ ಓದಿನ ವೇಗ ಅಸಾಧಾರಣವಾದುದಾಗಿತ್ತು. ಉಳಿದ ಹುಡುಗರು ಶಾಲೆಯ ಹಲಗೆಯ ಮೇಲೆ ಕುಳಿತಿರುವ ಹದಿನಾಲ್ಕನೆಯ ವಯಸ್ಸಿನಲ್ಲಿಯೇ ಈತನು ವಿಶ್ವವಿದ್ಯಾಲಯದ ಔಷಧಶಾಸ್ತ್ರ ವಿಭಾಗವನ್ನು ಸೇರಿ, 1904ರಲ್ಲಿ ಪದವಿ ಪಡೆದು, ಆ ಕೂಡಲೇ ವೈದ್ಯಕೀಯ ವ್ಯಾಸಂಗಕ್ಕೆ ತೊಡಗಿದನು. ಇನ್ನೂ ವಿದ್ಯಾರ್ಥಿಯಾಗಿರುವಾಗಲೇ, 1907ರಲ್ಲಿ, ಶರೀರಕ್ರಿಯಾಶಾಸ್ತ್ರದ ವಿಭಾಗದಲ್ಲಿ ಸಹಾಯಕನಾದನು. 1911ರಲ್ಲಿ ಒಪ್ಪಿಸಿದ ಪ್ರೌಢ ಪ್ರಬಂಧದ ವಿಷಯ ಪಿಟ್ಯುಟರಿ ಗ್ರಂಥಿಯ ಸಾರವು ದೇಹದ ಮೇಲೆ ಉಂಟುಮಾಡುವ ಪರಿಣಾಮ. ಇಪ್ಪತ್ತನಾಲ್ಕರ ತರುಣನೊಬ್ಬ ಪದವಿಗಾಗಿ ಆರಿಸಿಕೊಂಡ ವಿಷಯ ಸಾಮಾನ್ಯವಾಗಿ ಪದವಿಯೊಡನೆಯೇ ಮುಗಿದುಹೋಗುವುದು ಲೋಕರೂಢಿ. ಹೌಸೇಯವರ ವಿಷಯದಲ್ಲಿ ಹಾಗಾಗಲಿಲ್ಲ.

ಆಗಿನ ಕಾಲಕ್ಕೆ ಮಧುಮೇಹದ ವಿಚಾರವಾಗಿ ತಿಳಿದಿದ್ದುದೇನು? ರೋಗಿಯ ಮೂತ್ರ ಸಿಹಿಯಾಗಿರುವುದೆಂಬುದನ್ನೂ ಅದಕ್ಕೆ ಇರುವೆಗಳು ಮುತ್ತುವುದನ್ನೂ ನಮ್ಮ ಪ್ರಾಚೀನ ಆಯುರ್ವೇದಜ್ಞರು ಗಮನಿಸಿದ್ದರು. ಆ ವ್ಯಾಧಿಯ ಹೆಸರೇ ಅದನ್ನು ಸಾರುತ್ತದೆ. ಆದರೆ ಸಿಹಿಯ ಮೂಲ ಯಾವ ಅಂಗದ ದೋಷ ಎಂಬುದು ತಿಳಿದದ್ದು 1889ರಲ್ಲಿ. ಸ್ಟ್ರಾಸ್‌ಬರ್ಗಿನ ಮಿಂಕೋವ್ಸ್‌ಕಿ ಮತ್ತು ಫಾನ್ ಮೆರಿಂಗ್ ಎಂಬ ವಿದ್ವಾಂಸರು ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ತೆಗೆದುಹಾಕಿದಾಗ ಅದಕ್ಕೆ ತೀವ್ರವಾದ ಮಧುಮೇಹ ತಗುಲಿತು. ಮುಂದೆ 1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಮ್ಯಾಕ್ಲಿಯಡ್ ಅವರ ಪ್ರಯೋಗಶಾಲೆಯಲ್ಲಿ ಅದೇ ಗ್ರಂಥಿಯಿಂದ ಇನ್ಸುಲಿನ್ನನ್ನು ಬೇರ್ಪಡಿಸಿದರು. ಕಾಲಿಪ್ ಅದನ್ನು ಶುದ್ಧಗೊಳಿಸಿದರು. 1922ರಲ್ಲಿ ಸಾವಿನ ಬಾಗಿಲಲ್ಲಿದ್ದ ಮಕ್ಕಳು ಆ ಔಷಧದಿಂದ ಎದ್ದು ಕುಳಿತರು. ಮರುವರ್ಷವೇ ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯಡ್ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಮಧುಮೇಹವೆಂದರೆ ಇನ್ಸುಲಿನ್ನಿನ ಕೊರತೆ. ಕೊರತೆಯನ್ನು ತುಂಬಿದರೆ ಒಗಟು ಬಿಡಿಸಿದಂತೆ ಎಂದು ಲೋಕವೆಲ್ಲ ನಿಟ್ಟುಸಿರು ಬಿಟ್ಟಿತು.

ಬ್ಯೂನಸ್ ಐರಿಸ್‌ನಲ್ಲಿ ಒಬ್ಬರಿಗೆ ಮಾತ್ರ ಹಾಗೆನ್ನಿಸಲಿಲ್ಲ. ಅದಕ್ಕೆ ಕಾರಣವಿತ್ತು. ಅಕ್ರೋಮೆಗಲಿ ಎಂಬುದೊಂದು ವಿಚಿತ್ರ ವ್ಯಾಧಿ. ಪಿಟ್ಯುಟರಿಯಲ್ಲಿ ಗೆಡ್ಡೆ ಬೆಳೆದು, ಪ್ರಾಯ ಸಂದವರಲ್ಲಿಯೂ ಕೈಕಾಲು, ದವಡೆ, ಮೂಗು ದಪ್ಪವಾಗುತ್ತ ಹೋಗುವ ರೋಗವದು. ಅಂತಹ ರೋಗಿಗಳಲ್ಲಿ ಅನೇಕರ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಳ್ಳುವುದನ್ನು ವೈದ್ಯರು ಆಗಲೇ ನೋಡಿದ್ದರು. ಹೊಟ್ಟೆಯಲ್ಲಿರುವ ಮೇದೋಜೀರಕ ಗ್ರಂಥಿಗೂ ತಲೆಯೊಳಗಿನ ಈ ಕಾಳಿಗೂ ಎತ್ತಣ ಸಂಬಂಧ? ಸಂಬಂಧವೇನಾದರೂ ಇದ್ದರೆ ಅದು ಗ್ರಂಥಿಯ ಹಿಂದಿನ ಹಾಲೆಗೆ ಸೇರಿದ್ದೆಂದು ಆಗ ಹೆಸರಾಂತ ಶಸ್ತ್ರವೈದ್ಯರೇ ಹೇಳುತ್ತಿದ್ದರು. ಹೌಸೇಯವರು ಯಾರ ಮಾತನ್ನೂ ತಳ್ಳಿಹಾಕದೆ, ಯಾರ ಮಾತನ್ನೂ ನೆಚ್ಚದೆ, ಪ್ರಾಣಿಗಳ ಮೇಲೆ ಪ್ರಯೋಗಕ್ಕೆ ತೊಡಗಿದರು. ಪಿಟ್ಯುಟರಿಯನ್ನು ತೆಗೆದುಹಾಕಿದ ನಾಯಿಗಳಿಗೆ ಇನ್ಸುಲಿನ್ ಚುಚ್ಚಿದಾಗ ಅಚ್ಚರಿಯೊಂದು ಕಂಡಿತು. ಆರೋಗ್ಯದಿಂದಿರುವ ನಾಯಿ ಸುಲಭವಾಗಿ ತಾಳಿಕೊಳ್ಳುವ ಪ್ರಮಾಣವೇ ಇವಕ್ಕೆ ಮಾರಕವಾಗುತ್ತಿತ್ತು. ರಕ್ತದ ಸಕ್ಕರೆ ಪಾತಾಳಕ್ಕಿಳಿದು ಸೆಳವು ಬಂದು ಸಾಯುತ್ತಿದ್ದವು. ಎಂದರೆ ಇನ್ಸುಲಿನ್ನಿಗೆ ಎದುರಾಗಿ ನಿಂತು ತಡೆಯುವ ಶಕ್ತಿಯೊಂದು ಆ ಗ್ರಂಥಿಯಲ್ಲಿತ್ತು. ಗ್ರಂಥಿ ಹೋಯಿತು, ತಡೆಯೂ ಹೋಯಿತು. 1924, 1925ರ ಸುಮಾರಿನ ಮಾತಿದು.

ಇಲ್ಲಿ ನೆಲಗಪ್ಪೆಯ ಪ್ರಸಂಗ ಬರುತ್ತದೆ. ನಾಯಿಯ ಪಿಟ್ಯುಟರಿಯನ್ನು ಮುಟ್ಟುವುದು ಬಲು ನಾಜೂಕಿನ ಶಸ್ತ್ರಕ್ರಿಯೆ. ಮಿದುಳಿಗೆ ಎಳ್ಳಷ್ಟು ಪೆಟ್ಟಾದರೂ ಬಂದ ಫಲ ಗ್ರಂಥಿಯದೋ ಪೆಟ್ಟಿನದೋ ಎಂಬ ಸಂದೇಹ ತಪ್ಪದು. ಅರ್ಜೆಂಟೀನಾದ ಬಯಲುಗಳಲ್ಲಿ ಯಥೇಚ್ಛವಾಗಿ ಸಿಗುವ ದೊಡ್ಡ ನೆಲಗಪ್ಪೆಯಲ್ಲಾದರೋ ಬಾಯಿಯ ಮೇಲ್ಛಾವಣಿಯ ಕಡೆಯಿಂದ ಗ್ರಂಥಿಯನ್ನು ತಲುಪಬಹುದು. ಅದರ ಮುಂದಿನ ಹಾಲೆಯೂ ಬೇರೆಯಾಗಿಯೇ ಬಿಡಿಸಿಕೊಂಡು ಬರುತ್ತದೆ. ಧನಬಲವಿರುವ ದೇಶಗಳ ಪ್ರಯೋಗಶಾಲೆಗಳಲ್ಲಿ ದುಬಾರಿಯ ಸಲಕರಣೆಗಳು ಸಾಲುಗಟ್ಟಿ ನಿಂತಿದ್ದ ಕಾಲದಲ್ಲಿ ಕೆಸರುಗುಂಡಿಯ ಜೀವಿಯೊಂದನ್ನು ಆರಿಸಿಕೊಂಡು, ಸುಮ್ಮನೆ ನೋಡಿದರೆ ನಗೆ ಬರುವಂತಹ ಆ ಪ್ರಾಣಿಯಿಂದ ಒಂದು ಶಾಸ್ತ್ರವನ್ನೇ ಹಿಂಡಿ ತೆಗೆದರು. ಮೇದೋಜೀರಕವಿಲ್ಲದ ಕಪ್ಪೆಗೆ ಮಧುಮೇಹ ಬರುತ್ತದೆ. ಅದರ ಪಿಟ್ಯುಟರಿಯ ಮುಂದಿನ ಹಾಲೆಯನ್ನೂ ತೆಗೆದರೆ ಮಧುಮೇಹ ಇಳಿಯುತ್ತದೆ. ಬೇರೆ ಕಪ್ಪೆಗಳ ಆ ಹಾಲೆಯನ್ನು ಚರ್ಮದಡಿ ನಾಟಿ ಹಾಕಿದರೆ ರೋಗ ಮತ್ತೆ ಏರುತ್ತದೆ. ತೆಗೆದು ನೋಡುವುದು, ಮರಳಿ ಕೊಟ್ಟು ನೋಡುವುದು: ಈ ಎರಡು ಹೆಜ್ಜೆಗಳೂ ಕೂಡಿದಾಗ ಮಾತ್ರ ಗ್ರಂಥಿಯೊಂದರ ಕಾರ್ಯ ಸಿದ್ಧವಾಯಿತೆನ್ನಬಹುದು. ಹಿಂದಿನ ಹಾಲೆಯ ವಾದ ಅಲ್ಲಿಗೆ ಕೊನೆಗೊಂಡಿತು.

1930ರಲ್ಲಿ ಬಿಯಾಸೊಟ್ಟಿ ಎಂಬ ಸಹೋದ್ಯೋಗಿಯೊಡನೆ ಇದೇ ಫಲವನ್ನು ನಾಯಿಗಳಲ್ಲಿಯೂ ತೋರಿಸಿದರು. ಮೇದೋಜೀರಕ ಗ್ರಂಥಿಯನ್ನಷ್ಟೇ ಕಳೆದುಕೊಂಡ ನಾಯಿ ಇನ್ಸುಲಿನ್ ಇಲ್ಲದೆ ಬೇಗನೆ ಕೃಶವಾಗಿ ಸಾಯುತ್ತದೆ. ಪಿಟ್ಯುಟರಿಯನ್ನೂ ಕಳೆದುಕೊಂಡ ನಾಯಿ, ಎರಡು ಗ್ರಂಥಿಗಳಿಲ್ಲದಿದ್ದರೂ, ಒಂದು ಗ್ರಂಥಿಯಿಲ್ಲದ ನಾಯಿಗಿಂತ ಹೆಚ್ಚು ಕಾಲ ಬಾಳುತ್ತದೆ. ಅದರ ರಕ್ತದ ಸಕ್ಕರೆಯೂ ಅಷ್ಟಾಗಿ ಏರದು. ಎರಡು ಕಣ್ಣಿಲ್ಲದವನು ಒಕ್ಕಣ್ಣನಿಗಿಂತ ಚೆನ್ನಾಗಿ ಕಾಣುತ್ತಾನೆಂದಂತೆ ಕೇಳಿಸುವ ಈ ಫಲವನ್ನು ಮೊದಲು ನಂಬದವರೂ ಇದ್ದಿರಬೇಕು. ಆದರೆ ಪ್ರಯೋಗ ಯಾರ ಕೈಯಲ್ಲಿ ನಡೆದರೂ ಅದೇ ಉತ್ತರ ಬಂದಿತು. ಅಂತಹ ಪ್ರಾಣಿಗೆ ಶರೀರಶಾಸ್ತ್ರದಲ್ಲಿ ‘ಹೌಸೇ ಪ್ರಾಣಿ’ ಎಂಬ ಹೆಸರೇ ನಿಂತಿತು. ಮುಂದಿನ ವರ್ಷಗಳಲ್ಲಿ ಮುಂದಿನ ಹಾಲೆಯ ಸಾರವನ್ನು ದಿನವೂ ಚುಚ್ಚಿ ಆರೋಗ್ಯವಂತ ಪ್ರಾಣಿಗಳಲ್ಲಿಯೇ ಮಧುಮೇಹ ತರಿಸಬಹುದೆಂದು ಅವರೂ ಇತರರೂ ತೋರಿಸಿದರು. 1937ರಲ್ಲಿ ಇಂಗ್ಲೆಂಡಿನ ಎಫ್. ಜಿ. ಯಂಗ್ ಅವರು ಹೀಗೆ ಬಂದ ಮಧುಮೇಹ ಚುಚ್ಚುಮದ್ದನ್ನು ನಿಲ್ಲಿಸಿದ ಮೇಲೂ ಶಾಶ್ವತವಾಗಿ ನಿಲ್ಲಬಹುದೆಂಬುದನ್ನು ಕಂಡರು.

ಮೂಕ ಪ್ರಾಣಿಗಳಿಗೆ ಕೊಟ್ಟ ನೋವಿನ ಮಾತು ಇಲ್ಲಿ ಓದುಗರ ಮನಸ್ಸಿನಲ್ಲಿ ಏಳದಿರದು. ಏಳುವುದು ಸಹಜವೂ ಹೌದು. ಆ ನಾಯಿಗಳೂ ಕಪ್ಪೆಗಳೂ ತಾವಾಗಿ ಬಂದು ಒಪ್ಪಿಗೆ ಕೊಟ್ಟವಲ್ಲ. ಇಂದು ಇನ್ಸುಲಿನ್ ಚುಚ್ಚಿಕೊಂಡು ಕಚೇರಿಗೆ ಹೊರಡುವ ಪ್ರತಿಯೊಬ್ಬನ ಮೇಲೂ ಆ ಋಣ ಉಂಟು.

ಈ ಸಂಶೋಧನೆಯ ತಿರುಳನ್ನು ಸರಳವಾಗಿ ಹೀಗೆ ಹೇಳಬಹುದು. ರಕ್ತದ ಸಕ್ಕರೆಯನ್ನು ಇನ್ಸುಲಿನ್ ಒಂದೇ ಆಳುತ್ತಿಲ್ಲ. ಅದು ತಕ್ಕಡಿಯ ಒಂದು ತಟ್ಟೆ. ಮತ್ತೊಂದು ತಟ್ಟೆಯಲ್ಲಿ ಪಿಟ್ಯುಟರಿಯ ಹಾರ್ಮೋನುಗಳೂ ಅದರ ಅಪ್ಪಣೆಯಂತೆ ನಡೆಯುವ ಅಡ್ರಿನಲ್ ಮುಂತಾದ ಗ್ರಂಥಿಗಳ ಹಾರ್ಮೋನುಗಳೂ ಕುಳಿತಿವೆ. ಒಂದು ತಟ್ಟೆ ಹಗುರಾದರೂ ರೋಗ. ಇನ್ನೊಂದು ಭಾರವಾದರೂ ರೋಗ. ಮುಂದಿನ ಹಾಲೆಯ ಆ ಎದುರಾಳಿ ಪದಾರ್ಥಗಳಲ್ಲಿ ಬೆಳವಣಿಗೆಯ ಹಾರ್ಮೋನು ಮುಖ್ಯವಾದುದೆಂದು ತರುವಾಯ ನಿಶ್ಚಯವಾಯಿತು; ಅದನ್ನು 1944ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಲೀ ಮತ್ತು ಇವಾನ್ಸ್ ಎಂಬವರು ಶುದ್ಧರೂಪದಲ್ಲಿ ಬೇರ್ಪಡಿಸಿದರು. ರಾತ್ರಿ ಏನನ್ನೂ ತಿನ್ನದಿದ್ದರೂ ಬೆಳಗಿನ ಪರೀಕ್ಷೆಯಲ್ಲಿ ಸಕ್ಕರೆ ಏರಿರುವುದೇಕೆಂದು ಅನೇಕ ರೋಗಿಗಳು ವೈದ್ಯರನ್ನು ಕೇಳುವುದುಂಟು. ಮನೆಯವರು ರೋಗಿಯ ಮೇಲೆಯೇ ಗುಮಾನಿ ಪಡುವುದೂ ಉಂಟು. ನಿದ್ರೆಯಲ್ಲಿ ಸ್ರವಿಸುವ ಬೆಳವಣಿಗೆಯ ಹಾರ್ಮೋನು ಅದಕ್ಕೊಂದು ಕಾರಣ.

ಹೌಸೇಯವರ ಇನ್ನೊಂದು ಕಾರ್ಯ ಕಟ್ಟಡದ ಕಾರ್ಯ. ಎಳೆಯ ವಯಸ್ಸಿನಲ್ಲಿಯೇ ಆಸ್ಪತ್ರೆಯೊಂದರ ಮುಖ್ಯ ವೈದ್ಯರಾಗಿದ್ದ ಅವರು 1919ರಲ್ಲಿ ಬ್ಯೂನಸ್ ಐರಿಸ್ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗದಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರಾದಾಗ ಖಾಸಗಿ ವೈದ್ಯವೃತ್ತಿಗೆ ಕೈಮುಗಿದರು. ಬೆಳಿಗ್ಗೆ ಒಂದು ಗಂಟೆ ಪಾಠ ಹೇಳಿ, ಸಂಜೆ ಶ್ರೀಮಂತರ ನಾಡಿ ಹಿಡಿದು ಹಣ ಗಳಿಸುವುದು ಆ ಕಾಲದ ಪ್ರಾಧ್ಯಾಪಕರಲ್ಲಿ ರೂಢಿ. ಅಧ್ಯಾಪಕನಾದವನು ದಿನವಿಡೀ ಅಧ್ಯಾಪನಕ್ಕೂ ಸಂಶೋಧನೆಗೂ ಮೀಸಲಾಗಿರಬೇಕೆಂಬುದು ಹೌಸೇಯವರ ಹಟ. ಅವರು ಕಟ್ಟಿದ ಶರೀರಕ್ರಿಯಾ ಸಂಸ್ಥೆಗೆ ದೇಶವಿದೇಶಗಳ ತರುಣರು ಬರತೊಡಗಿದರು. ಹಾವು ಮತ್ತು ಜೇಡಗಳ ವಿಷದ ಮೇಲೆಯೂ ಅವರ ಅಧ್ಯಯನ ನಡೆದಿತ್ತು. ಬ್ರೌನ್ ಮೆನೆಂಡೆಸ್ ಮತ್ತವರ ಗೆಳೆಯರು ರಕ್ತದೊತ್ತಡವನ್ನು ಏರಿಸುವ, ಇಂದು ಆಂಜಿಯೊಟೆನ್ಸಿನ್ ಎಂದು ಕರೆಯುವ ಪದಾರ್ಥವನ್ನು 1940ರ ಸುಮಾರಿಗೆ ಕಂಡುಹಿಡಿದದ್ದು ಆ ಸಂಸ್ಥೆಯಲ್ಲಿಯೇ. ಆ ಗೆಳೆಯರ ಗುಂಪಿನಲ್ಲಿ ಲೂಯಿಸ್ ಲೆಲಾಯಿರ್ ಎಂಬ ಮಿತಭಾಷಿಯೊಬ್ಬರಿದ್ದರು; ಅಡ್ರಿನಲ್ ಗ್ರಂಥಿಗೂ ಸಕ್ಕರೆಯ ಚಯಾಪಚಯಕ್ಕೂ ಇರುವ ಸಂಬಂಧವನ್ನು ಕುರಿತು ಹೌಸೇಯವರ ಕೈಕೆಳಗೆ ಪ್ರೌಢ ಪ್ರಬಂಧ ಬರೆದವರು. ಅವರ ಮಾತು ಮುಂದೆ ಬರಲಿದೆ.

ಇಪ್ಪತ್ತನಾಲ್ಕು ವರ್ಷ ಬೆವರು ಸುರಿಸಿ ಕಟ್ಟಿದ ಆ ಸಂಸ್ಥೆಯ ಬಾಗಿಲು 1943ರಲ್ಲಿ ಅವರಿಗೇ ಮುಚ್ಚಿತು. ಆ ವರ್ಷದ ಜೂನ್ ತಿಂಗಳಿನಲ್ಲಿ ಸೈನ್ಯಾಧಿಕಾರಿಗಳು ಅರ್ಜೆಂಟೀನಾದ ಆಡಳಿತವನ್ನು ಕೈಗೆ ತೆಗೆದುಕೊಂಡಿದ್ದರು. ಅಕ್ಟೋಬರ್ ತಿಂಗಳಿನಲ್ಲಿ ಸುಮಾರು 150 ಮಂದಿ ಗಣ್ಯರು ಸೇರಿ, ದೇಶದಲ್ಲಿ ನಿಜವಾದ ಪ್ರಜಾಪ್ರಭುತ್ವ ನೆಲೆಗೊಳ್ಳಬೇಕೆಂದು ವಿಜ್ಞಾಪನೆಯೊಂದನ್ನು ಪ್ರಕಟಿಸಿದರು. ಸಹಿ ಹಾಕಿದವರಲ್ಲಿ ಹೌಸೇಯವರೂ ಒಬ್ಬರು. ಸರ್ಕಾರಿ ಹುದ್ದೆಯಲ್ಲಿದ್ದ ಸಹಿದಾರರನ್ನೆಲ್ಲ ಸರ್ಕಾರ ಕೆಲಸದಿಂದ ತೆಗೆದುಹಾಕಿತು. ಅವರಿಗೆ ಆಗ ಐವತ್ತಾರು ವರ್ಷ. ರಾಜಕೀಯ ಪಕ್ಷದ ಮನುಷ್ಯರಲ್ಲ. ಕಪ್ಪೆ ನಾಯಿಗಳ ನಡುವೆ ಹೊತ್ತು ಕಳೆದವರು. ಸಹಿ ಹಾಕದೆ ಸುಮ್ಮನಿದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಸಹಿ ಹಾಕಿದರು, ಹಾಕಿದ ಸಹಿಯನ್ನು ಹಿಂದೆ ತೆಗೆದುಕೊಳ್ಳಲೂ ಇಲ್ಲ. ಅವರ ಬೆನ್ನಿಗೆ ಹಲವು ಶಿಷ್ಯರು ತಾವಾಗಿಯೇ ರಾಜೀನಾಮೆ ಕೊಟ್ಟು ಹೊರಬಂದರು. ಈ ಶಿಷ್ಯರ ತ್ಯಾಗ ಗುರುವಿನ ತ್ಯಾಗಕ್ಕಿಂತ ಕಡಿಮೆಯದೆಂದು ತಿಳಿಯಲಾಗದು. ಗುರುವಿಗೆ ಹೆಸರಾದರೂ ಇತ್ತು, ಅವರಿಗೆ ಮುಂದಿನ ತಿಂಗಳ ಸಂಬಳದ ಹೊರತು ಬೇರೇನಿತ್ತು?

ಪರದೇಶಗಳಿಂದ ಕರೆಗಳು ಬಂದವು. ಪ್ರಯೋಗಶಾಲೆ, ವೇತನ, ಗೌರವ ಎಲ್ಲವೂ ಅಲ್ಲಿ ಸಿದ್ಧವಾಗಿದ್ದವು. ಹೌಸೇಯವರು ಹೋಗಲಿಲ್ಲ. ವಿಜ್ಞಾನವನ್ನು ತನ್ನ ನೆಲದಲ್ಲಿ ಬೇರೂರಿಸಬೇಕೆಂದು ಹೊರಟವನು, ಬಿರುಗಾಳಿ ಬೀಸಿತೆಂದು ಗಿಡವನ್ನು ಬಿಟ್ಟು ಹೋದರೆ ನೀರೆರೆಯುವವರು ಯಾರು? ಆಗ ನೆರವಿಗೆ ಬಂದದ್ದು ದಾನಿಗಳ ಹಣ. ಸೌಬೆರಾನ್ ಪ್ರತಿಷ್ಠಾನವು ಮುಂದೆ ಬಂದು ಧನಸಹಾಯ ಮಾಡಿತು, ಬೇರೆಯವರೂ ಕೈಗೂಡಿಸಿದರು. 1944ರ ಮಾರ್ಚ್ ತಿಂಗಳಿನಲ್ಲಿ, ಬ್ಯೂನಸ್ ಐರಿಸ್‌ನ ಕೋಸ್ಟ ರಿಕಾ ಬೀದಿಯ ಒಂದು ವಾಸದ ಮನೆಯಲ್ಲಿ ‘ಜೀವಶಾಸ್ತ್ರ ಮತ್ತು ಪ್ರಾಯೋಗಿಕ ವೈದ್ಯಕೀಯ ಸಂಸ್ಥೆ’ ಬಾಗಿಲು ತೆರೆಯಿತು. ಲೂಯಿಸ್, ಒರಿಯಾಸ್, ಬ್ರೌನ್ ಮೆನೆಂಡೆಸ್, ಫೊಲ್ಯಾ ಎಂಬ ಶಿಷ್ಯಮಿತ್ರರು ಜೊತೆಗಿದ್ದರು. ನಾಲ್ಕು ತಿಂಗಳು, ಐದು ತಿಂಗಳು: ಅಷ್ಟರೊಳಗೆ ಕೆಲಸ ಮತ್ತೆ ಸಾಗಿತು. ದಾನದ ಹಣ ಶಿಲಾಶಾಸನದಲ್ಲಿ ಹೆಸರು ಕೆತ್ತಿಸುವುದಕ್ಕೆ ವೆಚ್ಚವಾಗುವುದನ್ನು ಲೋಕ ಬೇಕಾದಷ್ಟು ಕಂಡಿದೆ. ಅಲ್ಲಿ ಅದು ಗಾಜಿನ ನಳಿಗೆಗಳಿಗೂ ಪ್ರಾಣಿಗಳ ಮೇವಿಗೂ ತರುಣರ ಊಟಕ್ಕೂ ಸಂದಿತು. 1945ರಲ್ಲಿ ಸರ್ಕಾರ ಅವರನ್ನು ಹುದ್ದೆಗೆ ಮರಳಿ ಕರೆಯಿತು. 1946ರಲ್ಲಿ, ಪೆರೋನ್ ಅವರ ಆಳ್ವಿಕೆ ಬಂದಾಗ, ಮತ್ತೆ ಹೊರಗೆ ಹಾಕಿತು. ಈ ಸಲ ಹೋಗಲು ಸ್ವಂತ ಮನೆಯೊಂದಿತ್ತು.

ಆ ಮನೆಗೇ 1947ರಲ್ಲಿ ಸ್ವೀಡನ್ನಿನ ವಾರ್ತೆ ಬಂದಿತು. ಸಕ್ಕರೆಯ ಚಯಾಪಚಯದಲ್ಲಿ ಪಿಟ್ಯುಟರಿಯ ಮುಂದಿನ ಹಾಲೆಯ ಹಾರ್ಮೋನು ವಹಿಸುವ ಪಾತ್ರವನ್ನು ಕಂಡುಹಿಡಿದುದಕ್ಕಾಗಿ ವೈದ್ಯಕೀಯದ ನೊಬೆಲ್ ಪಾರಿತೋಷಕದ ಅರ್ಧ ಹೌಸೇಯವರಿಗೆ. ಉಳಿದರ್ಧ ಅಮೆರಿಕದ ಸೇಂಟ್ ಲೂಯಿಯ ಕಾರ್ಲ್ ಕೋರಿ ಮತ್ತು ಗೆರ್ಟಿ ಕೋರಿ ದಂಪತಿಗಳಿಗೆ. ದೇಹದಲ್ಲಿ ಕೂಡಿಟ್ಟ ಗ್ಲೈಕೋಜನ್ ಸಕ್ಕರೆಯಾಗಿ ಒಡೆಯುವ ಬಗೆಯನ್ನು ಆ ದಂಪತಿಗಳು ಬಿಡಿಸಿದ್ದರು. ವಿಜ್ಞಾನದಲ್ಲಿ ಈ ಪಾರಿತೋಷಕವನ್ನು ಪಡೆದ ಲ್ಯಾಟಿನ್ ಅಮೆರಿಕದವರಲ್ಲಿ ಹೌಸೇಯವರೇ ಮೊದಲಿಗರು. ದೇಶಕ್ಕೆ ದೇಶವೇ ಹಬ್ಬ ಮಾಡಬೇಕಾಗಿದ್ದ ಸಮಯದಲ್ಲಿ ಸರ್ಕಾರದ ಪರವಾದ ಪತ್ರಿಕೆಗಳು, ಇದು ಆಳುವವರನ್ನು ಮುಜುಗರಕ್ಕೀಡುಮಾಡಲು ಹೊರಗಿನವರು ಹೂಡಿದ ಉಪಾಯವೆಂದು ಬರೆದವು. ವಿಶ್ವವಿದ್ಯಾಲಯದಲ್ಲಿ ಒಂದು ಕುರ್ಚಿಯೂ ಇಲ್ಲದ ಪ್ರಾಧ್ಯಾಪಕರು ಆ ಡಿಸೆಂಬರ್ 12ರಂದು ಸ್ಟಾಕ್‌ಹೋಮ್‌ನಲ್ಲಿ ನಿಂತು ತಮ್ಮ ಕಪ್ಪೆ ನಾಯಿಗಳ ಕಥೆಯನ್ನು ವಿದ್ವಾಂಸರ ಮುಂದಿಟ್ಟರು.

ಈ ಅರಿವಿನಿಂದ ರೋಗಿಗಳಿಗೆ ಬಂದ ಪ್ರಯೋಜನದ ಇತಿಹಾಸ ನೇರವಾದ ರೇಖೆಯಲ್ಲ. 1953ರಲ್ಲಿ ಡೆನ್ಮಾರ್ಕಿನ ಪೌಲ್ಸೆನ್ ಎಂಬ ವೈದ್ಯರು ಅಪರೂಪದ ರೋಗಿಯೊಬ್ಬಳನ್ನು ವರ್ಣಿಸಿದರು. ಮಧುಮೇಹದಿಂದ ಆಕೆಯ ಅಕ್ಷಿಪಟಲ ಕೆಟ್ಟಿತ್ತು; ಪಿಟ್ಯುಟರಿ ನಶಿಸಿದ ಮೇಲೆ ಕಣ್ಣಿನ ಆ ವಿಕಾರ ಹಿಮ್ಮೆಟ್ಟಿತು. ಹೌಸೇಯವರು ನಾಯಿಯಲ್ಲಿ ಕಂಡದ್ದನ್ನು ಪ್ರಕೃತಿ ಮನುಷ್ಯನಲ್ಲಿ ಮಾಡಿ ತೋರಿಸಿದಂತಾಯಿತು. ಅದರ ಮೇಲಿಂದ, ಕುರುಡಾಗುತ್ತಿದ್ದ ಮಧುಮೇಹಿಗಳ ಪಿಟ್ಯುಟರಿಯನ್ನೇ ತೆಗೆದುಹಾಕುವ ಶಸ್ತ್ರಕ್ರಿಯೆಯನ್ನು ಸ್ವೀಡನ್ ಮುಂತಾದೆಡೆ ಹಲವು ವರ್ಷ ನಡೆಸಿದರು. ಕೆಲವರ ದೃಷ್ಟಿ ಉಳಿಯಿತು. ಆದರೆ ಅದಕ್ಕೆ ತೆರಬೇಕಾದ ಬೆಲೆ ಬಹಳ. ಗ್ರಂಥಿ ಕಳೆದುಕೊಂಡವರು ಬಾಳಿನುದ್ದಕ್ಕೂ ಬೇರೆ ಹಾರ್ಮೋನುಗಳನ್ನು ಸೇವಿಸಬೇಕು. ಇನ್ಸುಲಿನ್ ಸ್ವಲ್ಪ ಹೆಚ್ಚಾದರೂ, ಆ ಹಳೆಯ ನಾಯಿಗಳಂತೆಯೇ, ಸಕ್ಕರೆ ಇಳಿದು ಪ್ರಾಣಾಪಾಯ. 1970ರ ದಶಕದಲ್ಲಿ ಬೆಳಕಿನ ಕಿರಣದಿಂದ ಅಕ್ಷಿಪಟಲವನ್ನು ಸುಡುವ ಲೇಸರ್ ಚಿಕಿತ್ಸೆ ಸಿದ್ಧವಾದಾಗ ಆ ಶಸ್ತ್ರಕ್ರಿಯೆ ಹಿಂದೆ ಸರಿಯಿತು.

1955ರಲ್ಲಿ ಪೆರೋನ್ ಆಳ್ವಿಕೆ ಬಿದ್ದಾಗ ವಿಶ್ವವಿದ್ಯಾಲಯ ತನ್ನ ಪ್ರಾಧ್ಯಾಪಕರನ್ನು ಮತ್ತೆ ಬರಮಾಡಿಕೊಂಡಿತು. ಆದರೂ ಕಷ್ಟಕಾಲದಲ್ಲಿ ಆಶ್ರಯ ಕೊಟ್ಟ ಸಂಸ್ಥೆಯನ್ನು ಅವರು ಬಿಡಲಿಲ್ಲ. ಅದರ ನಿರ್ದೇಶಕರಾಗಿಯೇ ಮುಂದುವರಿದರು. 1958ರಲ್ಲಿ ದೇಶದ ವೈಜ್ಞಾನಿಕ ಸಂಶೋಧನೆಗಾಗಿ ರಾಷ್ಟ್ರೀಯ ಮಂಡಲಿಯೊಂದು ಸ್ಥಾಪನೆಯಾದಾಗ ಮೊದಲ ಅಧ್ಯಕ್ಷರಾದರು. ದಿನವಿಡೀ ಸಂಶೋಧನೆಗೇ ಮೀಸಲಾದ ಸಂಶೋಧಕನಿಗೆ ನಿಯತವಾದ ವೇತನವಿರಬೇಕೆಂದು 1919ರಿಂದ ಹೇಳುತ್ತ ಬಂದ ಮಾತು ಆ ಮಂಡಲಿಯ ಮೂಲಕ ದೇಶದ ಪದ್ಧತಿಯಾಯಿತು. ಅಷ್ಟರಲ್ಲಿ ಅವರ ಬರಹಗಳ ಸಂಖ್ಯೆ ಐನೂರನ್ನು ಮೀರಿತ್ತು. ಶಿಷ್ಯರೊಡನೆ ಬರೆದ ಶರೀರಕ್ರಿಯಾಶಾಸ್ತ್ರದ ಪಠ್ಯಗ್ರಂಥ ಇಂಗ್ಲಿಷಿಗೂ ಅನುವಾದವಾಗಿತ್ತು.

ಮಿತಭಾಷಿ ಲೆಲಾಯಿರ್ ಅವರ ಮಾತು ಉಳಿದಿದೆ. ಗುರುಗಳನ್ನು ಕೆಲಸದಿಂದ ತೆಗೆದಾಗ ಅವರೂ ವಿಶ್ವವಿದ್ಯಾಲಯವನ್ನು ತೊರೆದು ಅಮೆರಿಕಕ್ಕೆ ಹೋಗಿ ಕೋರಿ ದಂಪತಿಗಳ ಪ್ರಯೋಗಶಾಲೆಯಲ್ಲಿ ಕೆಲಕಾಲ ದುಡಿದರು. ಹಿಂದಿರುಗಿ ಹೌಸೇಯವರ ಸಂಸ್ಥೆಗೇ ಬಂದರು. 1947ರಲ್ಲಿ ಜವಳಿ ಉದ್ಯಮಿ ಕಾಂಪೊಮಾರ್ ಎಂಬವರ ದಾನದಿಂದ, ಹೌಸೇಯವರ ಮನೆ-ಸಂಸ್ಥೆಗೆ ತಾಗಿದ ಪುಟ್ಟ ಮನೆಯಲ್ಲಿ, ಜೀವರಸಾಯನ ಸಂಸ್ಥೆಯೊಂದನ್ನು ತೆರೆದರು. ದೇಹವು ಒಂದು ಸಕ್ಕರೆಯನ್ನು ಇನ್ನೊಂದಾಗಿ ಮಾರ್ಪಡಿಸಲು ಬಳಸುವ ಸಕ್ಕರೆ-ನ್ಯೂಕ್ಲಿಯೊಟೈಡುಗಳನ್ನು ಕಂಡುಹಿಡಿದದ್ದು ಅಲ್ಲಿ. 1970ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಲೆಲಾಯಿರ್ ಅವರಿಗೆ ಬಂದಾಗ ಎಂಬತ್ತಮೂರು ವಯಸ್ಸಿನ ಗುರುಗಳು ಅದನ್ನು ಕಣ್ಣಾರೆ ಕಂಡರು. ಮರುವರ್ಷ, 1971ರ ಸೆಪ್ಟೆಂಬರ್ 21ರಂದು, ತಾವು ಹುಟ್ಟಿದ ಬ್ಯೂನಸ್ ಐರಿಸ್ ನಗರದಲ್ಲಿಯೇ ಡಾಕ್ಟರ್ ಹೌಸೇಯವರು ಕೊನೆಯುಸಿರೆಳೆದರು. ಅವರು ಜನಿಸಿದ ಏಪ್ರಿಲ್ 10ನ್ನು ಅರ್ಜೆಂಟೀನಾದಲ್ಲಿ ವೈಜ್ಞಾನಿಕ ಸಂಶೋಧಕರ ದಿನವೆಂದು ಆಚರಿಸುತ್ತಾರೆ.